ಮೇಷ್ಟ್ರ ಕೊರಳಿನ ಎರಡು ಮಣಿ

ನಮ್ಮ ಹೈಸ್ಕೂಲಿನ ಸ್ಕೌಟ್ ಮೇಷ್ಟ್ರು ಪೂರ್ತಿ ಸಮವಸ್ತ್ರ ಹಾಕುತ್ತಿದ್ದದ್ದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ, ರಾಜ್ಯೋತ್ಸವ, ಆಮೇಲೆ ರಜೆಯ ಕ್ಯಾಂಪು. ಆ ದಿನಗಳಲ್ಲಿ ಅವರ ಕೊರಳಲ್ಲಿ ಸ್ಕಾರ್ಫಿನ ಜೊತೆಗೆ ಇನ್ನೊಂದು ವಸ್ತುವೂ ಇರುತ್ತಿತ್ತು. ಸಣ್ಣದೊಂದು ಚರ್ಮದ ದಾರ, ಅದರಲ್ಲಿ ಎರಡು ಮರದ ಮಣಿ. ಕಿರುಬೆರಳಿನ ಗೆಣ್ಣಿನಷ್ಟು ಉದ್ದ. ಪೂರ್ತಿ ದುಂಡಗೂ ಇಲ್ಲ, ಎರಡೂ ತುದಿಯಲ್ಲಿ ಚಾಕುವಿನಿಂದ ಕೊರೆದ ಹಾಗೆ. ತಿಪಟೂರಿನ ಸಂತೆಯಲ್ಲಿ ಐದು ರೂಪಾಯಿಗೆ ಒಂದು ಹಿಡಿ ಸಿಗಬಹುದು ಅನ್ನಿಸುವಂಥ ಮಣಿಗಳು.

ಆದರೆ ಮೇಷ್ಟ್ರು ಅವನ್ನು ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಅದು ಹಿಮಾಲಯ ವುಡ್ ಬ್ಯಾಡ್ಜ್. ಸ್ಕೌಟ್ ಮೇಷ್ಟ್ರುಗಳು ಹಂತ ಹಂತವಾಗಿ ತರಬೇತಿ ಮುಗಿಸಿ, ಶಾಲೆಯಲ್ಲಿ ದಳ ನಡೆಸಿ ತೋರಿಸಿ ಪಡೆಯುವ ಗೌರವ. ದೊಡ್ಡಬಳ್ಳಾಪುರದ ಆನಿ ಬೆಸೆಂಟ್ ಪಾರ್ಕಿನಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ, ಶಿಬಿರಾಗ್ನಿಯ ಸುತ್ತ ಕೂತಿದ್ದಾಗ, ಅವರು ಅದರ ಕಥೆ ಹೇಳಿದರು. ಆಫ್ರಿಕಾದಲ್ಲಿ ಒಬ್ಬ ಜುಲು ರಾಜನಿದ್ದ. ಬೇಡನ್ ಪೊವೆಲರ ಶೌರ್ಯ ಕಂಡು ಮೆಚ್ಚಿ, ತನ್ನ ಕೊರಳಿನ ಸಾವಿರ ಮಣಿಯ ಸರವನ್ನು ತೆಗೆದು ಅವರಿಗೆ ಹಾಕಿದ. ಆ ಸರದ ವಂಶಕ್ಕೆ ಸೇರಿದ ಮಣಿಗಳು ಇವು. ನಾವು ಚಪ್ಪಾಳೆ ತಟ್ಟಿದೆವು. ತುದಿ ಯಾಕೆ ಹೀಗೆ ಕೊರೆದಿದ್ದಾರೆ ಸಾರ್ ಎಂದು ನಾನು ಕೇಳಿದೆ. "ಅಲ್ಲಿಂದ ಹಂಗೇ ಬರ್ತವೆ ಕಣೋ, ಸುಮ್ನೆ ಕೂತ್ಕೋ" ಅಂದರು.

ಕಳೆದ ವರ್ಷ ಪುಣೆಯಲ್ಲಿ ನನ್ನ ಮಗಳು ಶಾಲೆಯ ಬುಲ್‌ಬುಲ್ ಗುಂಪಿಗೆ ಸೇರಿದಳು. ಅವಳ ಟೀಚರ್ ಕೊರಳಲ್ಲೂ ಅದೇ ದಾರ, ಅದೇ ಎರಡು ಮಣಿ. ನಾನು ಹುಮ್ಮಸ್ಸಿನಿಂದ ಮೇಷ್ಟ್ರ ಕಥೆಯನ್ನು ಒಪ್ಪಿಸಿದೆ. ಅವಳು ಚಪ್ಪಾಳೆ ತಟ್ಟಲಿಲ್ಲ. "ಯಾವ ರಾಜ ಅಪ್ಪಾ? ಹೆಸರೇನು? ಸರ ಕೊಟ್ಟ ಮೇಲೆ ಅವನು ಏನು ಹಾಕ್ಕೊಂಡ?" ಎಂದು ಕೇಳಿದಳು.

ಹೆಸರು ಹುಡುಕಲು ಹತ್ತು ನಿಮಿಷ ಸಾಕಾಯಿತು. ದಿನುಜುಲು. ಉಳಿದ ಎರಡು ಪ್ರಶ್ನೆಗಳ ಬೆನ್ನು ಹತ್ತಿದ್ದು ಶನಿವಾರ ಭಾನುವಾರಗಳಲ್ಲಿ, ಹಲವು ತಿಂಗಳು. ಮೊದಲು ಗೊತ್ತಾದ ಸಂಗತಿ ಇಷ್ಟು: ಆ ರಾಜ ಸರ ಕೊಟ್ಟಿರಲೇ ಇಲ್ಲ.

ಮುಂಬಯಿಯ ಗವರ್ನರ್ ಹೂಡಿದ ಯುದ್ಧ

ಈ ಕಥೆಯ ಒಂದು ಎಳೆ ಮುಂಬಯಿಯಲ್ಲೇ ಇದೆ. ಚರ್ಚ್‌ಗೇಟಿನಲ್ಲಿ ಇಳಿದು ಆಫೀಸಿಗೆ ನಡೆಯುವ ನಮ್ಮವರು ಎಷ್ಟೋ ಜನ ದಿನಾ ಫ್ಲೋರಾ ಫೌಂಟನ್ ದಾಟುತ್ತಾರೆ. 1864ರಲ್ಲಿ ಕಟ್ಟಿದ ಆ ಕಾರಂಜಿಗೆ ಮೊದಲು ಇಡಬೇಕೆಂದಿದ್ದ ಹೆಸರು ಆಗಿನ ಗವರ್ನರ್ ಸರ್ ಬಾರ್ಟಲ್ ಫ್ರೇರ್‌ನದು. ಕೋಟೆಯ ಗೋಡೆಗಳನ್ನು ಕೆಡವಿಸಿ ಊರು ಬೆಳೆಯಲು ದಾರಿ ಮಾಡಿಕೊಟ್ಟವನು ಅಂತ ಮುಂಬಯಿಯ ಚರಿತ್ರೆಯಲ್ಲಿ ಅವನಿಗೆ ಒಳ್ಳೆಯ ಹೆಸರಿದೆ.

ಇದೇ ಫ್ರೇರ್ 1877ರಲ್ಲಿ ಹೈ ಕಮಿಷನರ್ ಆಗಿ ದಕ್ಷಿಣ ಆಫ್ರಿಕಾಕ್ಕೆ ಹೋದ. ಅಲ್ಲಿನ ಬಿಳಿಯರ ವಸಾಹತುಗಳನ್ನೆಲ್ಲ ಒಂದೇ ಒಕ್ಕೂಟ ಮಾಡುವುದು ಅವನಿಗೆ ಒಪ್ಪಿಸಿದ್ದ ಕೆಲಸ. ಅದಕ್ಕೆ ಅಡ್ಡವಾಗಿ ಕಂಡದ್ದು ಸ್ವತಂತ್ರವಾಗಿದ್ದ ಜುಲು ರಾಜ್ಯ. 1878ರ ಡಿಸೆಂಬರಿನಲ್ಲಿ ಫ್ರೇರ್ ಜುಲು ರಾಜ ಸೆಟ್ಶ್ವಾಯೊಗೆ ಒಂದು ಅಂತಿಮ ಎಚ್ಚರಿಕೆ ಕಳಿಸಿದ. ನಿನ್ನ ಸೈನ್ಯದ ವ್ಯವಸ್ಥೆಯನ್ನೇ ಬಿಚ್ಚಿಹಾಕು ಎಂಬುದು ಅದರ ಮುಖ್ಯ ಷರತ್ತು. ಯಾವ ರಾಜನೂ ಒಪ್ಪದ ಷರತ್ತು ಎಂದು ಗೊತ್ತಿದ್ದೇ ಹಾಕಿದ್ದು. ಲಂಡನ್ನಿನ ಸರ್ಕಾರಕ್ಕೆ ಆ ಹೊತ್ತಿನಲ್ಲಿ ಈ ಯುದ್ಧ ಬೇಕಿರಲಿಲ್ಲ. ಅಲ್ಲಿಂದ ಒಪ್ಪಿಗೆ ಬರುವ ತನಕ ಫ್ರೇರ್ ಕಾಯಲೂ ಇಲ್ಲ.

1879ರ ಜನವರಿ 11ರಂದು ಬ್ರಿಟಿಷ್ ಸೈನ್ಯ ಗಡಿ ದಾಟಿತು. ಹನ್ನೊಂದನೇ ದಿನಕ್ಕೆ, ಜನವರಿ 22ರಂದು, ಇಸಾಂಡ್ಲ್ವಾನಾ ಗುಡ್ಡದ ಬುಡದಲ್ಲಿ ಜುಲು ಸೈನ್ಯ ಅವರ ಪಾಳೆಯವನ್ನು ಸುತ್ತುವರಿದು ನೆಲಸಮ ಮಾಡಿತು. ಬ್ರಿಟಿಷ್ ಪಕ್ಷದಲ್ಲಿ ಸತ್ತವರು 1,300ಕ್ಕೂ ಹೆಚ್ಚು. ಆ ಸೈನ್ಯದ ಸೇನಾಪತಿ ಲಾರ್ಡ್ ಚೆಲ್ಮ್ಸ್‌ಫರ್ಡ್. ಈ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಗೆಲುವು ಅಷ್ಟಕ್ಕೇ ನಿಂತಿತು. ಜುಲೈ 4ರಂದು ಜುಲು ರಾಜಧಾನಿ ಉಲುಂಡಿ ಸುಟ್ಟುಹೋಯಿತು. ಆಗಸ್ಟಿನಲ್ಲಿ ರಾಜ ಸೆರೆಸಿಕ್ಕ. ರಾಜ್ಯವನ್ನು 13 ತುಂಡು ಮಾಡಿ ಹದಿಮೂರು ಜನ ಪಾಳೆಯಗಾರರಿಗೆ ಹಂಚಿದರು. ನಿರೀಕ್ಷೆಯಂತೆ ಅವರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. 1884ರಲ್ಲಿ ಸೆಟ್ಶ್ವಾಯೊ ತೀರಿಕೊಂಡಾಗ ಅವನ ಮಗ ದಿನುಜುಲುವಿಗೆ ಹದಿನಾರರ ಆಸುಪಾಸು. ಎದುರಾಳಿಗಳನ್ನು ಸೋಲಿಸಲು ಆ ಹುಡುಗ ಬೋಯರ್ ರೈತರ ಬಂದೂಕುಗಳ ನೆರವು ಪಡೆದ. ಅದಕ್ಕೆ ಬೆಲೆಯಾಗಿ ರಾಜ್ಯದ ದೊಡ್ಡ ಪಾಲು ನೆಲವನ್ನೇ ತೆತ್ತ. ಉಳಿದದ್ದನ್ನು 1887ರಲ್ಲಿ ಬ್ರಿಟಿಷರು ತಮ್ಮದೆಂದು ಘೋಷಿಸಿಕೊಂಡರು. ಮರುವರ್ಷ, ಇಪ್ಪತ್ತರ ದಿನುಜುಲು ಅವರ ವಿರುದ್ಧ ತಿರುಗಿಬಿದ್ದ.

ಖಾಲಿ ಗುಡ್ಡದಲ್ಲಿ ಸಿಕ್ಕ ಸರ

ಬೇಡನ್ ಪೊವೆಲ್ 1876ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಲಖನೌದಲ್ಲಿದ್ದ 13ನೇ ಹುಸಾರ್ಸ್ ಎಂಬ ಕುದುರೆ ದಳಕ್ಕೆ ಅಧಿಕಾರಿಯಾಗಿ ಬಂದವರು. 1888ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, ಅಲ್ಲಿನ ಸೈನ್ಯದ ಮುಖ್ಯಸ್ಥರಾಗಿದ್ದ ತಮ್ಮ ಸೋದರಮಾವ ಜನರಲ್ ಸ್ಮಿತ್ ಅವರ ಕೈಕೆಳಗೆ ಕೆಲಸದಲ್ಲಿದ್ದರು. ದಿನುಜುಲು ತನ್ನ ಜನರೊಂದಿಗೆ ಸೆಜಾ ಎಂಬ ಕಾಡುಗುಡ್ಡದಲ್ಲಿ ನೆಲೆನಿಂತಿದ್ದ. ಜೂನ್ ಆರಂಭದಲ್ಲಿ ಅವನನ್ನು ಹಿಡಿಯಲು ಹೋದ ಪಡೆಯನ್ನು ಅವನ ಜನ ಹಿಮ್ಮೆಟ್ಟಿಸಿದರು. ಇನ್ನೂ ದೊಡ್ಡ ಪಡೆ ಬಂತು. ಅಷ್ಟರಲ್ಲಿ ದಿನುಜುಲು ಗಡಿ ದಾಟಿ ಟ್ರಾನ್ಸ್‌ವಾಲ್ ಕಡೆ ಹೋಗಿದ್ದ.

ಬೇಡನ್ ಪೊವೆಲ್ ಆ ಗುಡ್ಡ ತಲುಪಿದಾಗ ಅಲ್ಲಿ ರಾಜನಿರಲಿಲ್ಲ. ಬಿಟ್ಟುಹೋದ ನೆಲೆಯಲ್ಲಿ ಒಂದು ಮಣಿಸರ ಸಿಕ್ಕಿತು ಎಂಬುದು ಅವರ ಹೇಳಿಕೆ. ಸುಮಾರು 12 ಅಡಿ ಉದ್ದ, ಸಾವಿರಕ್ಕೂ ಹೆಚ್ಚು ಮರದ ಮಣಿ. ಅದು ದಿನುಜುಲುವಿನದು ಎನ್ನುವುದಕ್ಕೂ ಅವರ ಮಾತೇ ಆಧಾರ. ಆ ಬೆನ್ನಟ್ಟುವಿಕೆಯಲ್ಲಿ ಅವರಿಗೆ ದಿನುಜುಲು ಸಿಗಲೇ ಇಲ್ಲ. ಹಾಗಾಗಿ ರಾಜ ಮೆಚ್ಚಿದ್ದು, ಕೊರಳಿಂದ ಸರ ತೆಗೆದದ್ದು, ಹಾಕಿದ್ದು ಎಲ್ಲ ಆಮೇಲೆ ಶಿಬಿರಾಗ್ನಿಗಳ ಸುತ್ತ ಬೆಳೆದ ಕಥೆ.

ಒಂದು ಮಾತು ಹೇಳಬೇಕು. ಆ ಕಾಲದ ಅಧಿಕಾರಿಗಳಿಗೆ ಇದು ತಪ್ಪು ಅನ್ನಿಸುವ ಕೆಲಸವೇ ಆಗಿರಲಿಲ್ಲ. ಗೆದ್ದ ಊರಿಂದ ಈಟಿ, ಗುರಾಣಿ, ಮಣಿಸರ ತಂದು ಮನೆಯ ಗೋಡೆಗೆ ನೇತುಹಾಕುವುದು ವಾಡಿಕೆ. ಅದನ್ನು ಅವರು ಸ್ಮರಣಿಕೆ ಎನ್ನುತ್ತಿದ್ದರು. ನಾವು ಊಟಿಗೆ ಹೋಗಿ ಬಂದಾಗ ತರುವ ವಸ್ತುವಿಗೂ ಅದೇ ಹೆಸರು. ವ್ಯತ್ಯಾಸ ಇಷ್ಟೇ: ಊಟಿಯಲ್ಲಿ ಅಂಗಡಿಯವನು ಓಡಿಹೋಗಿರುವುದಿಲ್ಲ.

ಗಂಡಪೆಂಡೇರದಂಥ ಸರ

ಆ ಸರಕ್ಕೆ ಜುಲು ಭಾಷೆಯಲ್ಲಿ 'ಇಜಿಕು' ಎಂದು ಹೆಸರು. ಕೊನೆಯ 'ಕು' ಉಚ್ಚಾರ ನಮಗೆ ಬರುವುದು ಕಷ್ಟ. ಕುದುರೆಯ ಗೊರಸಿನ ಸದ್ದು ಮಾಡಿ ತೋರಿಸುವಾಗ ಮಕ್ಕಳು ನಾಲಿಗೆಯನ್ನು ಮೇಲಕ್ಕೆ ಹಚ್ಚಿ 'ಟೊಕ್' ಎನ್ನುತ್ತಾರಲ್ಲ, ಅಂಥದೊಂದು ಸದ್ದು ಅದರಲ್ಲಿದೆ. ನನ್ನ ಮಗಳಿಗೆ ಎರಡೇ ದಿನದಲ್ಲಿ ಬಂತು, ನನಗೆ ಇನ್ನೂ ಬಂದಿಲ್ಲ.

ಇಜಿಕು ಅಲಂಕಾರದ ಒಡವೆಯಲ್ಲ. ಅದು ಯುದ್ಧದಲ್ಲಿ ಮುಂದೆ ನಿಂತು ಕಾದಿದವನಿಗೆ ಸಲ್ಲುವ ಗೌರವ. ಒಂದು ದೊಡ್ಡ ಕಾಳಗ ಮುಗಿದ ಮೇಲೆ ದಳಗಳು ರಾಜನ ಮುಂದೆ ಸೇರುತ್ತಿದ್ದವು. ಶತ್ರುವನ್ನು ಮೊದಲು ಇರಿದವರು ನಾವು, ನಾವು ಎಂದು ರಾಜನ ಎದುರೇ ವಾದ ನಡೆಯುತ್ತಿತ್ತು. ಕೇಳಿದ ಮೇಲೆ ಯಾರಿಗೆ ಗೌರವ ಸಲ್ಲಬೇಕೆಂದು ರಾಜ ತೀರ್ಮಾನಿಸುತ್ತಿದ್ದ. ಹಾಗೆ ಅರ್ಹತೆ ಪಡೆದವರು ಮರದ ಚಿಕ್ಕ ತುಂಡುಗಳನ್ನು ಒಂದರ ಕೊರೆತಕ್ಕೆ ಇನ್ನೊಂದು ಕೂರುವಂತೆ ಕೆತ್ತಿದ, ಹಾವಿನ ಮೈಯಂತೆ ಬಾಗುವ ಆ ಸರವನ್ನು ಧರಿಸುತ್ತಿದ್ದರು.

ನಮ್ಮಲ್ಲಿ ಗಂಡಪೆಂಡೇರ ಇತ್ತು. ವೀರನ ಕಾಲಿಗೂ ವಿದ್ವಾಂಸನ ಕಾಲಿಗೂ ರಾಜ ತೊಡಿಸುತ್ತಿದ್ದ ಬಳೆ. ಅದರ ಬೆಲೆ ಚಿನ್ನದ ತೂಕದಲ್ಲಿಲ್ಲ, ಯಾರು ಯಾರಿಗೆ ಯಾಕೆ ತೊಡಿಸಿದರು ಎಂಬುದರಲ್ಲಿದೆ. ಯಾರೂ ಇಲ್ಲದ ಮನೆಗೆ ನುಗ್ಗಿ ಗಂಡಪೆಂಡೇರ ಎತ್ತಿಕೊಂಡು ಬಂದರೆ ಕೈಯಲ್ಲಿ ಉಳಿಯುವುದು ಬರೀ ಬಳೆ. ಸೆಜಾ ಗುಡ್ಡದಿಂದ ಬಂದದ್ದೂ ಹಾಗೆಯೇ, ಬರೀ ಮರದ ಮಣಿ.

ಹುಡುಗಿಯರು ಬರೆದ ಮಣಿ ಕಾಗದ

ಇಷ್ಟು ಓದಿದ ಮೇಲೆ ನನಗೆ ಜುಲು ಜನ ಮತ್ತು ಮಣಿಗಳ ನಂಟಿನ ಹುಚ್ಚು ಹಿಡಿಯಿತು. ಮರದ ಮಣಿ ಗಂಡಸರ ಗೌರವವಾದರೆ ಗಾಜಿನ ಮಣಿ ಹೆಂಗಸರ ಕೈಕೆಲಸ. ಪೋಣಿಸುವವರು ಹೆಂಗಸರು, ಹುಡುಗಿಯರು. ತೊಡುವವರು ಎಲ್ಲರೂ.

ಆ ಗಾಜಿನ ಮಣಿಗಳು ಅಲ್ಲಿ ತಯಾರಾದವಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ವೆನಿಸ್ ಮತ್ತು ಬೊಹೆಮಿಯಾದ ಕಾರ್ಖಾನೆಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಅದಕ್ಕೂ ಎಷ್ಟೋ ಶತಮಾನ ಮುಂಚೆ ಬರುತ್ತಿದ್ದದ್ದು ನಮ್ಮ ಕಡೆಯಿಂದ. ದಕ್ಷಿಣ ಆಫ್ರಿಕಾದ ಲಿಂಪೊಪೊ ನದಿಯ ದಡದಲ್ಲಿ ಮಾಪುಂಗುಬ್ವೆ ಎಂಬ ಹದಿಮೂರನೇ ಶತಮಾನದ ರಾಜಧಾನಿಯ ಅವಶೇಷವಿದೆ. ಅಲ್ಲಿ ಸಿಕ್ಕಿರುವ ಗಾಜಿನ ಮಣಿಗಳಲ್ಲಿ ಭಾರತದ ಕಡೆಯಿಂದ ಹೋದವು ಇವೆ. ಇಂಥ ಸಣ್ಣ ಮಣಿಗಳನ್ನು ಮಾಡುವ ಹಳೆಯ ಕಸುಬಿನ ಕೇಂದ್ರ ಪುದುಚೇರಿಯ ಹತ್ತಿರದ ಅರಿಕಮೇಡು. ಆ ಕಸುಬು ತಿರುಪತಿಯ ಬಳಿಯ ಪಾಪಾನಾಯ್ಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ. ಚೆನ್ನೈನಲ್ಲಿರುವ ಓದುಗರು ತಿರುಪತಿಗೆ ಹೋಗುವಾಗ ಇದನ್ನು ನೆನೆಯಬಹುದು.

ಜುಲು ಹುಡುಗಿ ತನಗೆ ಇಷ್ಟವಾದ ಹುಡುಗನಿಗೆ ಮಣಿಯಲ್ಲಿ ನೇಯ್ದ ಚಿಕ್ಕ ಪಟ್ಟಿಯೊಂದನ್ನು ಕಳಿಸುತ್ತಿದ್ದಳು. ಅದನ್ನು ಜನ ಇಂದು ಪ್ರೇಮಪತ್ರ ಎನ್ನುತ್ತಾರೆ. ಜುಲು ಭಾಷೆಯಲ್ಲಿ ಪತ್ರಕ್ಕೂ ಪುಸ್ತಕಕ್ಕೂ ಇರುವ ಪದವನ್ನೇ ಈ ಪಟ್ಟಿಗೂ ಬಳಸುತ್ತಾರೆ. ತನಗೆ ತೋಚಿದಾಗ ಕಳಿಸುವ ಹಾಗಿರಲಿಲ್ಲ. ಹಿರಿಯ ಹುಡುಗಿಯರ ಒಪ್ಪಿಗೆ ಬೇಕಿತ್ತು. ಹುಡುಗ ಅದನ್ನು ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದ.

ಪ್ರವಾಸಿಗರಿಗೆ ಇದರ ಜೊತೆಗೆ ಬಣ್ಣಗಳ ಒಂದು ಪಟ್ಟಿಯೂ ಸಿಗುತ್ತದೆ. ಬಿಳಿ ಎಂದರೆ ಶುದ್ಧ ಪ್ರೀತಿ, ನೀಲಿ ಎಂದರೆ ಪಾರಿವಾಳ, ಕೆಂಪು ಎಂದರೆ ಕಾದು ಕಾದು ಅತ್ತು ಕೆಂಪಾದ ಕಣ್ಣು, ಹೀಗೆ. ಇಂಥ ಅರ್ಥಗಳನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಫ್ರಾಂಜ್ ಮೈರ್ ಎಂಬ ಪಾದ್ರಿ ದಾಖಲಿಸಿದ್ದರು. 1951ರಲ್ಲಿ ರೆಜಿನಾ ತ್ವಾಲಾ ಎಂಬ ಅಲ್ಲಿನವರೇ ಆದ ಸಂಶೋಧಕಿ, ಮಣಿಗಳು ಜುಲು ಮತ್ತು ಸ್ವಾಜಿ ಜನರ ಬದುಕನ್ನು ಹೇಗೆ ನಡೆಸುತ್ತವೆ ಎಂದು ಒಂದು ಲೇಖನವನ್ನೇ ಬರೆದರು. ಆದರೆ ಆ ಅರ್ಥಗಳು ನಿಘಂಟಿನ ಹಾಗೆ ಒಂದೇ ಕಡೆ ನಿಲ್ಲುವಂಥವಲ್ಲ. ಒಂದು ಬಣ್ಣಕ್ಕೆ ಪಕ್ಕದ ಬಣ್ಣ ಯಾವುದು ಎಂಬುದರ ಮೇಲೆ ಅರ್ಥ ತಿರುಗುತ್ತದೆ. ಎಂಸಿಂಗಾ ಎಂಬ ಒಂದೇ ಪ್ರದೇಶದಲ್ಲೂ ಬೇರೆ ಬೇರೆ ಬಣ್ಣಗಳ ಕಟ್ಟುಗಳಿದ್ದವು. ಪಟ್ಟಿ ನೋಡಿದರೆ ಹುಡುಗಿಯ ಊರು ಯಾವ ಕಡೆಯದು ಎಂದು ತಿಳಿದವರು ಹೇಳಬಲ್ಲರು. ಒಳಗಿನ ಮಾತು ಮಾತ್ರ ಕೊಟ್ಟವಳಿಗೂ ಪಡೆದವನಿಗೂ ಗೊತ್ತು.

ನಾನು ಮೊಬೈಲ್ ಇಲ್ಲದ ಕಾಲದಲ್ಲಿ ಹಾಸ್ಟೆಲಿನಲ್ಲಿದ್ದವನು. ಅಮ್ಮನ ಕಾಗದದಲ್ಲಿ "ಮನೆಯಲ್ಲಿ ಎಲ್ಲರೂ ಕ್ಷೇಮ, ಅಪ್ಪನಿಗೂ ಪರವಾಗಿಲ್ಲ" ಎಂದಿದ್ದರೆ ಆ 'ಪರವಾಗಿಲ್ಲ'ದಲ್ಲಿ ಎಷ್ಟಿದೆ ಎಂದು ನನಗೊಬ್ಬನಿಗೆ ತಿಳಿಯುತ್ತಿತ್ತು. ಆ ಕಾಗದ ಬೇರೆಯವರ ಕೈಗೆ ಸಿಕ್ಕರೆ ಅವರು ಅಕ್ಷರ ಓದಿಯಾರು, ಅಷ್ಟೇ.

1879ರ ಯುದ್ಧದಿಂದ, ಮುಂದಿನ ಬೋಯರ್ ಯುದ್ಧದಿಂದ ಸೈನಿಕರು ಇಂಥ ಪಟ್ಟಿಗಳನ್ನು, ಸೊಂಟದ ಮಣಿಕಟ್ಟುಗಳನ್ನು ಮನೆಗೆ ಒಯ್ದರು. ಎರಡನೇ ಮಹಾಯುದ್ಧದಲ್ಲಿ ಈಜಿಪ್ಟಿನ ಕಡೆ ಹೊರಟ ಹಡಗುಗಳು ಡರ್ಬನ್ನಿನಲ್ಲಿ ನಿಲ್ಲುತ್ತಿದ್ದವು. ಅಲ್ಲಿ ಕೊಂಬಿನ ಕಿರೀಟ ತೊಟ್ಟು ಮೈತುಂಬ ಮಣಿ ಹಾಕಿದ ರಿಕ್ಷಾ ಎಳೆಯುವವರನ್ನು ನೋಡುವುದೂ, ಮಣಿ ಪಟ್ಟಿ ಕೊಳ್ಳುವುದೂ ಸೈನಿಕರಿಗೆ ಒಂದು ಸಂಭ್ರಮ. ಆ ಹೊತ್ತಿಗೆ ಹೆಂಗಸರು ಮಾರಾಟಕ್ಕೆಂದೇ ಪೋಣಿಸುತ್ತಿದ್ದರು. ಬೆಲೆ ಹೇಳಿ ಮಾರಿದ್ದು ಬೇರೆ, ಬಿಟ್ಟೋಡಿದ ಮನೆಯಿಂದ ಎತ್ತಿಕೊಂಡದ್ದು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬಾರದು. ಆದರೆ ಮುಂದೆ ಮ್ಯೂಸಿಯಮ್ಮಿನ ಕಪಾಟು ಸೇರಿದಾಗ ಎರಡರ ಚೀಟಿಯೂ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ತಂದುಕೊಟ್ಟ ಅಧಿಕಾರಿಯ ಹೆಸರಿರುತ್ತದೆ, ವರ್ಷ ಇರುತ್ತದೆ. ಪೋಣಿಸಿದವಳ ಹೆಸರಿರುವುದಿಲ್ಲ.

1919: ಸರ ಬ್ಯಾಡ್ಜ್ ಆಯಿತು

ದಿನುಜುಲುವಿನದೆಂಬ ಸರ ಮೂವತ್ತು ವರ್ಷ ಬೇಡನ್ ಪೊವೆಲರ ಬಳಿ ಇತ್ತು. ಅಷ್ಟರಲ್ಲಿ ಅವರು ಮಾಫೆಕಿಂಗ್ ಮುತ್ತಿಗೆಯಲ್ಲಿ 217 ದಿನ ಊರು ಬಿಟ್ಟುಕೊಡದೆ ನಿಂತು ಹೆಸರುವಾಸಿಯಾಗಿದ್ದರು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಕ್ಯಾಂಪ್ ನಡೆಸಿ ಸ್ಕೌಟ್ ಚಳವಳಿ ಆರಂಭಿಸಿದ್ದರು. 1919ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಅಂಚಿನ ಗಿಲ್‌ವೆಲ್ ಪಾರ್ಕಿನಲ್ಲಿ ಸ್ಕೌಟ್ ಮಾಸ್ತರರಿಗೆ ಮೊದಲ ತರಬೇತಿ ನಡೆಯಿತು. ಮುಗಿಸಿದವರಿಗೆ ಏನಾದರೂ ಕೊಡಬೇಕಲ್ಲ? ಆ ಸರದಿಂದ ಮಣಿ ಬಿಚ್ಚಿ, ಚರ್ಮದ ದಾರಕ್ಕೆ ಪೋಣಿಸಿ ಕೊಟ್ಟರು. ಆ ದಾರವೂ ಮಾಫೆಕಿಂಗ್‌ನಲ್ಲಿ ಒಬ್ಬ ಆಫ್ರಿಕನ್ ಮುದುಕ ಕೊಟ್ಟ ದಾರದ ಮಾದರಿಯದು ಎಂಬುದು ಸ್ಕೌಟರು ಹೇಳಿಕೊಂಡು ಬಂದ ಮಾತು. ಮೂಲ ಮಣಿಗಳು ಎಷ್ಟು ಜನಕ್ಕೆ ಸಾಕಾದಾವು? ಅದೇ ಆಕಾರದ ಪ್ರತಿಗಳನ್ನು ಮಾಡುವುದು ಶುರುವಾಯಿತು. ನಮ್ಮ ಮೇಷ್ಟ್ರ ಕೊರಳಿನವೂ ಅಂಥ ಪ್ರತಿಗಳೇ.

ಇಲ್ಲಿ ನನ್ನ ತೀರ್ಪು ಸ್ವಲ್ಪ ತಡವರಿಸುತ್ತದೆ. ಆ ಸರವನ್ನು ಬೇಡನ್ ಪೊವೆಲ್ ಗೋಡೆಯ ಮೇಲೆ ಬಿಡಲಿಲ್ಲ. ಬೇರೆ ಯಾವುದೋ ದಾರಿಯಲ್ಲಿ ಅದನ್ನು ಮತ್ತೆ ಗೌರವವಾಗಿಯೇ ಮಾಡಿದರು. ಕೊಲ್ಲುವ ಶೌರ್ಯಕ್ಕೆ ಸಲ್ಲುತ್ತಿದ್ದ ಮಣಿ, ಮಕ್ಕಳಿಗೆ ಗಂಟು ಹಾಕುವುದನ್ನೂ ಗಾಯಕ್ಕೆ ಪಟ್ಟಿ ಕಟ್ಟುವುದನ್ನೂ ಕಲಿಸುವವರಿಗೆ ಸಲ್ಲತೊಡಗಿತು. ಇದು ಕಡಿಮೆಯ ಮಾತಲ್ಲ. ಆದರೆ ಹೊಸ ಗೌರವ ನಿಲ್ಲಲು ಒಂದು ಕಥೆ ಬೇಕಿತ್ತು. ಆ ಕಥೆಯಲ್ಲಿ ಎತ್ತಿಕೊಂಡದ್ದು ಕೊಟ್ಟದ್ದಾಯಿತು, ರಾಜನಿಗೆ ಹೆಸರಿಲ್ಲದೆ ಹೋಯಿತು.

ಅಷ್ಟೇ ಅಲ್ಲ. ಆ ಮಣಿ ಯಾರ ಕೊರಳಿಗೆ ಬೀಳಬಹುದಿತ್ತು ಎಂಬುದನ್ನೂ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಕರಿಯ ಹುಡುಗರನ್ನು ಸ್ಕೌಟ್ ದಳಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರಿಗೆಂದು 1920ರ ದಶಕದಲ್ಲಿ 'ಪಾತ್‌ಫೈಂಡರ್ಸ್' ಎಂಬ ಬೇರೆ ಸಂಘ ಮಾಡಿದರು. ಆಮೇಲೂ ದಶಕಗಟ್ಟಲೆ ಬಣ್ಣಕ್ಕೊಂದು ಸಂಘ ಇತ್ತು. ಎಲ್ಲ ಒಂದಾದದ್ದು 1977ರಲ್ಲಿ. ಜಗತ್ತಿನ ಸ್ಕೌಟ್ ಮಾಸ್ತರರು ಜುಲು ಮಣಿ ತೊಟ್ಟು ಹೆಮ್ಮೆಪಡುತ್ತಿದ್ದಾಗ ಜುಲು ಹುಡುಗನಿಗೆ ಅವರ ಪಕ್ಕದಲ್ಲಿ ಸ್ಕೌಟ್ ಆಗಿ ನಿಲ್ಲುವ ಅವಕಾಶ ಇರಲಿಲ್ಲ.

ನಮ್ಮಲ್ಲೂ ಬೇರೆಯಾಗಿರಲಿಲ್ಲ. ಭಾರತದ ಮೊದಲ ಸ್ಕೌಟ್ ದಳ ಹುಟ್ಟಿದ್ದು 1909ರಲ್ಲಿ, ಬೆಂಗಳೂರಿನಲ್ಲೇ. ಕ್ಯಾಪ್ಟನ್ ಟಿ.ಎಚ್. ಬೇಕರ್ ಕಟ್ಟಿದ್ದು. ಆದರೆ ಅದು ಯುರೋಪಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ. ಭಾರತೀಯ ಹುಡುಗರಿಗೆ ಪ್ರವೇಶ ಸಿಗದಿದ್ದಾಗ ಮದ್ರಾಸಿನಲ್ಲಿ ಆನಿ ಬೆಸೆಂಟ್ ಬೇರೆ ಸಂಘ ಕಟ್ಟಿದರು. ದೊಡ್ಡಬಳ್ಳಾಪುರದ ಪಾರ್ಕಿಗೆ ಅವರ ಹೆಸರು ಯಾಕೆ ಎಂದು ಆಗ ನಾವು ಕೇಳಿರಲಿಲ್ಲ. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಹಲವು ಸಂಘಗಳು ಹತ್ತಿರವಾದವು. ಅವರನ್ನು ಕರೆಸಿದ್ದು ಆಗಿನ ವೈಸ್‌ರಾಯ್ ಲಾರ್ಡ್ ಚೆಲ್ಮ್ಸ್‌ಫರ್ಡ್. ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆ ಎಂದು ನಾವು ಇತಿಹಾಸದ ಪರೀಕ್ಷೆಗೆ ಬಾಯಿಪಾಠ ಮಾಡಿದ ಅದೇ ಚೆಲ್ಮ್ಸ್‌ಫರ್ಡ್. ಇಸಾಂಡ್ಲ್ವಾನಾದಲ್ಲಿ ಸೋತ ಸೇನಾಪತಿಯ ಮಗ. ಇಂದಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು.

ಸರ ಹೋದ ಮೇಲೆ ಅವನು ಏನು ಹಾಕಿಕೊಂಡ?

ಮಗಳ ಮೂರನೇ ಪ್ರಶ್ನೆ ಬಾಕಿ ಇತ್ತು. ದಿನುಜುಲು 1888ರ ಕೊನೆಯಲ್ಲಿ ತಾನಾಗಿ ಬಂದು ಶರಣಾದ. ರಾಜದ್ರೋಹದ ವಿಚಾರಣೆ ನಡೆಯಿತು. ಇಬ್ಬರು ಚಿಕ್ಕಪ್ಪಂದಿರ ಜೊತೆ ಅವನನ್ನು ಸೇಂಟ್ ಹೆಲೆನಾ ದ್ವೀಪಕ್ಕೆ ಗಡೀಪಾರು ಮಾಡಿದರು. ನೆಪೋಲಿಯನ್ ಸತ್ತ ಅದೇ ದ್ವೀಪ. ಸುಮಾರು ಎಂಟು ವರ್ಷ ಅಲ್ಲಿದ್ದ. ಇಂಗ್ಲಿಷ್ ಕಲಿತ. ಅವನ ನಂತರ ಪಟ್ಟಕ್ಕೆ ಬಂದ ಮಗ ಸಾಲಮನ್ ಹುಟ್ಟಿದ್ದು ಅಲ್ಲೇ. ಆ ಮೇಲಿನ ಫೋಟೊಗಳಲ್ಲಿ ಅವನು ಕೋಟು ತೊಟ್ಟಿದ್ದಾನೆ.

1906ರಲ್ಲಿ ಹೊಸ ತಲೆಗಂದಾಯದ ವಿರುದ್ಧ ಬಂಬಾಟಾ ಎಂಬ ನಾಯಕ ದಂಗೆ ಎದ್ದ. ಗಾಂಧೀಜಿ ಆಗ ಡೋಲಿ ಹೊರುವ ಭಾರತೀಯರ ತಂಡ ಕಟ್ಟಿಕೊಂಡು ಹೋಗಿ, ಚಾವಟಿ ಏಟಿನಿಂದ ಬೆನ್ನು ಹುಣ್ಣಾದ ಜುಲು ಜನರ ಆರೈಕೆ ಮಾಡಿದರು. ಅಲ್ಲಿ ಕಂಡದ್ದನ್ನು ಯುದ್ಧವೆಂದು ಕರೆಯಲು ಅವರ ಮನಸ್ಸು ಒಪ್ಪಲಿಲ್ಲ. ಆ ದಂಗೆಯ ನಂತರ ದಿನುಜುಲುವನ್ನು ಮತ್ತೆ ಹಿಡಿದು 1909ರಲ್ಲಿ ಶಿಕ್ಷೆ ವಿಧಿಸಿದರು. ಮರುವರ್ಷ ಬಿಡುಗಡೆಯಾದರೂ ಅವನಿಗೆ ಊರಿಗೆ ಮರಳುವ ಅವಕಾಶ ಕೊಡಲಿಲ್ಲ. 1913ರ ಅಕ್ಟೋಬರ್ 18ರಂದು ಟ್ರಾನ್ಸ್‌ವಾಲಿನ ಒಂದು ತೋಟದಲ್ಲಿ ತೀರಿಕೊಂಡ. ಗಿಲ್‌ವೆಲ್ಲಿನಲ್ಲಿ ಮಣಿ ಹಂಚಿದ್ದು ಅವನು ಸತ್ತ ಆರು ವರ್ಷಕ್ಕೆ.

ಮಗಳಿಗೆ ಇದನ್ನೆಲ್ಲ ಹೇಳಿದೆ. ಇನ್ನು ಮೇಷ್ಟ್ರಿಗೆ ಹೇಳಬೇಕೋ ಬೇಡವೋ ಎಂದು ವಾರವೆಲ್ಲ ಯೋಚಿಸಿದೆ. ಅವರಿಗೀಗ ಎಪ್ಪತ್ತರ ಮೇಲೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ.

"ಏನಯ್ಯಾ ಪೂನಾ, ಹೆಂಗಿದೀಯ?" ಅಂದರು. ಕುಶಲವೆಲ್ಲ ಆದ ಮೇಲೆ ಸೆಜಾ ಗುಡ್ಡದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ನಡುವೆ ಅವರು ಹೂಂಗುಡುವುದು ನಿಂತಿತು. ಲೈನ್ ಕಟ್ಟಾಯಿತೇ ಎಂದು ಎರಡು ಸಲ "ಸಾರ್, ಸಾರ್" ಅಂದೆ.

"ಇದೀನಿ ಹೇಳು. ಹಂಗಾದ್ರೆ ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳ್ದೆ ಅನ್ನು."

"ನಿಮಗೆ ಹೇಳಿದ್ದನ್ನೇ ನೀವು ಹೇಳಿದ್ದು ಸಾರ್."

"ಅದು ಸರಿ ಕಣಪ್ಪ. ಸ್ಕೌಟ್ ನಂಬಿಕೆಗೆ ಅರ್ಹ ಅಂತ ಮೊದಲ್ನೇ ನಿಯಮ ಕಲ್ಸಿದೋನೂ ನಾನೇ ಅಲ್ವಾ?" ಸ್ವಲ್ಪ ತಡೆದು ಕೇಳಿದರು. "ಏನ್ಮಾಡ್ಲಿ ಈಗ? ಬಿಚ್ಚಿ ಇಡ್ಲಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮುಂದುವರಿಸಿದರು. ಸೊಸೈಟಿಯಲ್ಲಿ ಸಾಲ ತೆಗೆದು ಪಚ್‌ಮಡಿಗೆ ಹೋಗಿದ್ದು, ಮಳೆಯಲ್ಲಿ ಟೆಂಟಿನೊಳಗೆ ನೀರು ನುಗ್ಗಿದ್ದು, ಅಲ್ಲಿ ಭಾಷೆ ಬಾರದೆ ಮೂರು ದಿನ ಮೂಕನಂತಿದ್ದದ್ದು, ಇವನ್ನು ನಾನು ಮೊದಲ ಸಲ ಕೇಳಿದೆ. "ನಾನು ದುಡ್ದಿದ್ದು ಸುಳ್ಳಲ್ಲ, ಅವರು ಕೊಟ್ಟಿದ್ದೂ ಸುಳ್ಳಲ್ಲ. ಕಥೆ ಒಂದು ಸುಳ್ಳು. ಅದನ್ನ ಸರಿ ಮಾಡ್ಬೇಕು. ಆ ರಾಜನ ಹೆಸರೇನಂದೆ? ತಡಿ, ಪೆನ್ನು ತಗೋತೀನಿ."

ದಿ-ನು-ಜು-ಲು ಎಂದು ಬಿಡಿಸಿ ಹೇಳಿದೆ. ಅಪ್ಪನ ಹೆಸರು, ಗುಡ್ಡದ ಹೆಸರು, ಇಸವಿ ಎಲ್ಲ ಬರೆಸಿಕೊಂಡರು. ಊರಿನ ಶಾಲೆಯಲ್ಲಿ ಈಗಿರುವ ಸ್ಕೌಟ್ ಮೇಷ್ಟ್ರು ಇವರ ಶಿಷ್ಯನೇ. ಮುಂದಿನ ಕ್ಯಾಂಪಿಗೆ ಇವರನ್ನು ಕರೆದಿದ್ದಾರಂತೆ.

ಫೋನ್ ಇಡುವ ಮುಂಚೆ, ಆ ಮಣಿಗಳು ಒಂದರೊಳಗೊಂದು ಕೂರುವಂತೆ ಕೊರೆದು ಮಾಡಿದ ಸರ ಅದು, ಸಾವಿರ ಮಣಿ ಒಟ್ಟಿಗಿದ್ದಾಗ ಒಂದೇ ಹಗ್ಗದಂತೆ ಕಾಣುತ್ತಿತ್ತು ಎಂದೂ ಹೇಳಿದ್ದೆ. ಸಂಜೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಹಳೆಯ ಚರ್ಮದ ದಾರ, ಎರಡು ಮಣಿ, ಒಂದರ ಕೊರೆತ ಇನ್ನೊಂದಕ್ಕೆ ತಾಗುವಂತೆ ಜೋಡಿಸಿಟ್ಟಿದ್ದರು. ಕೆಳಗೆ ಒಂದು ಸಾಲು: "ತುದಿ ಯಾಕೆ ಹಿಂಗೆ ಕೊರೆದಿದಾರೆ ಅಂತ ಅವತ್ತೇ ಕೇಳಿದ್ದೆ ನೀನು. ಈಗ ಗೊತ್ತಾಯ್ತು ನೋಡು."